ಬೆರಳು ಕೊಟ್ಟ ದೊರೆ: ಅಮೋಘವರ್ಷ ನೃಪತುಂಗನ ಬದುಕು

ನೃಪತುಂಗ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಎರಡೇ ವಿಷಯ. ಒಂದು, ಬೆಂಗಳೂರಿನ ನೃಪತುಂಗ ರಸ್ತೆ. ಇನ್ನೊಂದು, ಹೈಸ್ಕೂಲ್ ಪುಸ್ತಕದಲ್ಲಿ ಬರುವ ಕವಿರಾಜಮಾರ್ಗ. ಅಲ್ಲಿಗೆ ಮುಗೀತು. ಆದರೆ ಸುಮಾರು 64 ವರ್ಷ ಆಳಿದ ಈ ರಾಷ್ಟ್ರಕೂಟ ದೊರೆಯ ಬದುಕಿನಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವ ಎರಡು ಘಟನೆಗಳಿವೆ. ಒಂದರಲ್ಲಿ ಅವನು ಜನರ ಸಂಕಟ ಕಳೆಯಲಿ ಅಂತ ತನ್ನ ಬೆರಳನ್ನೇ ಕತ್ತರಿಸಿ ಕೊಡುತ್ತಾನೆ. ಇನ್ನೊಂದರಲ್ಲಿ ಅವನ ಆಸ್ಥಾನದಲ್ಲಿ ವೈದ್ಯರೂ ಮುನಿಗಳೂ ಆದ ಒಬ್ಬರು ಎದ್ದು ನಿಂತು, ಔಷಧಿಗೆ ಮಾಂಸ ಬೇಕೇ ಬೇಕಾ ಅನ್ನೋ ಪ್ರಶ್ನೆ ಎತ್ತುತ್ತಾರೆ.

ಈ ಎರಡೂ ಘಟನೆಗಳು ಇವತ್ತು ನಾವು ಬಯೋಎಥಿಕ್ಸ್ ಅಥವಾ ಜೈವಿಕ ನೀತಿಶಾಸ್ತ್ರ ಅಂತ ಕರೆಯೋ ವಿಷಯಕ್ಕೆ ನೇರವಾಗಿ ಸೇರುತ್ತವೆ. ಜೀವ, ದೇಹ, ಚಿಕಿತ್ಸೆ, ಸಂಶೋಧನೆ ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಯೋಚಿಸೋ ಶಾಸ್ತ್ರ ಅದು. ಆ ಪದ ಹುಟ್ಟಿದ್ದು 20ನೇ ಶತಮಾನದಲ್ಲಿ. ಪ್ರಶ್ನೆ ಮಾತ್ರ ತುಂಬಾ ಹಳೆಯದು: ಯಾರ ಹಿತಕ್ಕಾಗಿ ಯಾರ ದೇಹ ಬೆಲೆ ತೆರಬೇಕು? ನೃಪತುಂಗನ ಬದುಕನ್ನು ಈ ಒಂದು ಪ್ರಶ್ನೆ ಇಟ್ಟುಕೊಂಡು ಓದೋಣ ಅನ್ನೋದು ಈ ಬರಹದ ಉದ್ದೇಶ.

ಮೋರಖಂಡಿಯಿಂದ ಶುರು

ಬೀದರ್ ಜಿಲ್ಲೆಯ ಬಸವಕಲ್ಯಾಣದ ಹತ್ತಿರ ಮೋರಖಂಡಿ ಅಂತ ಒಂದು ಊರಿದೆ. ಹುಮನಾಬಾದ್, ಬಸವಕಲ್ಯಾಣ ಕಡೆಯ ಗೆಳೆಯರಿಗೆ ಈ ಹೆಸರು ಹೊಸದೇನಲ್ಲ. ನೃಪತುಂಗನ ತಂದೆ ಮೂರನೇ ಗೋವಿಂದನ ಕೆಲವು ತಾಮ್ರಶಾಸನಗಳು ಮಯೂರಖಂಡಿ ಎಂಬ ಜಾಗದಿಂದ ಹೊರಟಿವೆ. ಮಯೂರ ಅಂದ್ರೆ ನವಿಲು, ಅದೇ ಮೋರ. ಹಾಗಾಗಿ ಮಯೂರಖಂಡಿಯೇ ನಮ್ಮ ಮೋರಖಂಡಿ ಅಂತ ಹಲವು ವಿದ್ವಾಂಸರು ಗುರುತಿಸುತ್ತಾರೆ. ನಾಸಿಕ್ ಜಿಲ್ಲೆಯ ಮೋರ್ಖಿಂಡ್ ಬೆಟ್ಟದ ಕೋಟೆಯೇ ಅದು ಅನ್ನುವವರೂ ಇದ್ದಾರೆ. ಚರ್ಚೆ ಏನೇ ಇರಲಿ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟಕ್ಕೆ ಹೋಗುವ ಮುಂಚೆ ಅವರ ರಾಜನೆಲೆಯಾಗಿದ್ದ ಜಾಗಗಳಲ್ಲಿ ಮಯೂರಖಂಡಿ ಮುಖ್ಯವಾದದ್ದು. ನೃಪತುಂಗ ಹುಟ್ಟಿದ ಕಾಲದ ರಾಜ್ಯ ಅದು.

ಅವನು ಹುಟ್ಟಿದ್ದು ಮಾತ್ರ ಇಲ್ಲಿಂದ ಬಹಳ ದೂರ. ಗೋವಿಂದ ಉತ್ತರ ಭಾರತದ ದಂಡಯಾತ್ರೆ ಮುಗಿಸಿ ವಾಪಸ್ ಬರುವಾಗ ಮಳೆಗಾಲ ಕಳೆಯೋಕೆ ನರ್ಮದಾ ತೀರದ ಸೀಮೆಯ ಶ್ರೀಭವನ ಅನ್ನೋ ಊರಲ್ಲಿ ತಂಗಿದ್ದ. ಅದು ಇವತ್ತಿನ ಗುಜರಾತಿನ ಭರೂಚ್ ಕಡೆಯ ಸರಭೋಣ್ ಅಂತಾರೆ. ಕ್ರಿ.ಶ. 800ರ ಸುಮಾರಿಗೆ ಅಲ್ಲಿ ಹುಟ್ಟಿದ ಮಗುವಿಗೆ ಇಟ್ಟ ಹೆಸರು ಶರ್ವ. ಅಮೋಘವರ್ಷ, ನೃಪತುಂಗ ಇವೆಲ್ಲ ಮುಂದೆ ಬಂದ ಬಿರುದುಗಳು. ಅಂದ್ರೆ ಇವನು ದಂಡಿನ ಮಧ್ಯೆ ಹುಟ್ಟಿದ ಮಗು.

814ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಸುಮಾರು 14 ವರ್ಷ. ನಮ್ಮ ಲೆಕ್ಕದಲ್ಲಿ ಒಂಬತ್ತನೇ ಕ್ಲಾಸ್! ಗುಜರಾತ್ ಶಾಖೆಯ ದಾಯಾದಿ ಕರ್ಕ ರಾಜ್ಯದ ಹೊಣೆ ನೋಡಿಕೊಂಡ. ಆದರೂ ಸಾಮಂತರು ಸುಮ್ಮನಿರಲಿಲ್ಲ. ಕೆಲವೇ ವರ್ಷದಲ್ಲಿ ದೊಡ್ಡ ದಂಗೆ ಎದ್ದು ಹುಡುಗ ಸಿಂಹಾಸನ ಕಳೆದುಕೊಳ್ಳುವ ಹಂತಕ್ಕೆ ಹೋಯಿತು. 821ರ ಹೊತ್ತಿಗೆ ಕರ್ಕ ದಂಗೆ ಅಡಗಿಸಿ ಅವನನ್ನು ಮತ್ತೆ ನೆಲೆಗೊಳಿಸಿದ. ಅಧಿಕಾರ ಅನ್ನೋದು ಎಷ್ಟು ಬೇಗ ಕೈಜಾರುತ್ತೆ ಅಂತ ಹದಿಹರೆಯದಲ್ಲೇ ಕಂಡವನು ಇವನು. ಮುಂದೆ ಅವನು ಅಧಿಕಾರದ ಜೊತೆ ನಡೆದುಕೊಂಡ ರೀತಿಗೆ ಇದೂ ಒಂದು ಕಾರಣ ಇರಬಹುದು ಅಂತ ನಮಗೆ ಅನ್ನಿಸುತ್ತೆ.

ಮಾನ್ಯಖೇಟದ ದಿನಗಳು

ದೊಡ್ಡವನಾದ ಮೇಲೆ ನೃಪತುಂಗ ಮಾನ್ಯಖೇಟವನ್ನು ರಾಜಧಾನಿಯಾಗಿ ಕಟ್ಟಿ ಬೆಳೆಸಿದ. ಅದೇ ಇವತ್ತಿನ ಮಳಖೇಡ, ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿದೆ. 851ರಲ್ಲಿ ಬರೆದ ಒಂದು ಅರಬ್ಬಿ ಪುಸ್ತಕ, ಸುಲೈಮಾನ್ ಎಂಬ ವ್ಯಾಪಾರಿಯ ಹೆಸರಿನಲ್ಲಿ ಪ್ರಸಿದ್ಧವಾದದ್ದು, ಲೋಕದ ನಾಲ್ಕು ದೊಡ್ಡ ರಾಜರಲ್ಲಿ ಬಲ್ಹರ ಒಬ್ಬ ಅನ್ನುತ್ತೆ. ಉಳಿದ ಮೂವರು ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೋಮಿನ ಅಂದ್ರೆ ಬೈಜಾಂಟಿಯಂನ ದೊರೆ. ಬಲ್ಹರ ಅನ್ನೋದು ವಲ್ಲಭರಾಜ ಅನ್ನೋ ರಾಷ್ಟ್ರಕೂಟರ ಬಿರುದಿನ ಅರಬ್ಬಿ ರೂಪ. ಆಗ ಪಟ್ಟದಲ್ಲಿದ್ದವನು ನಮ್ಮ ನೃಪತುಂಗ.

ಅವನ ಕಾಲದಲ್ಲಿ ಹುಟ್ಟಿದ ಪುಸ್ತಕಗಳನ್ನು ನೋಡಿದರೆ ಅದೊಂದು ಒಳ್ಳೆ ಯೂನಿವರ್ಸಿಟಿ ಥರ ಕಾಣುತ್ತೆ. ಕನ್ನಡದಲ್ಲಿ ನಮಗೆ ಸಿಕ್ಕಿರೋ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ ಇಲ್ಲಿಯದು. ಅದನ್ನು ಶ್ರೀವಿಜಯ ಬರೆದದ್ದು, ಅದರ ಹಿಂದಿನ ಮನಸ್ಸು ನೃಪತುಂಗನದು. ಬೇರೆಯವರ ವಿಚಾರವನ್ನೂ ಧರ್ಮವನ್ನೂ ತಾಳಿಕೊಳ್ಳುವುದು ದೊಡ್ಡ ಸಂಪತ್ತು ಅಂತ ಎಣಿಸಿದ ಪುಸ್ತಕ ಅದು. ಆದಿಪುರಾಣ ಬರೆದ ಜಿನಸೇನಾಚಾರ್ಯರು ದೊರೆಯ ಗುರುಗಳು. ಶಾಕಟಾಯನ ತನ್ನ ವ್ಯಾಕರಣಕ್ಕೆ ತಾನೇ ಬರೆದ ವ್ಯಾಖ್ಯಾನಕ್ಕೆ ದೊರೆಯ ಹೆಸರನ್ನೇ ಸೇರಿಸಿ ಅಮೋಘವೃತ್ತಿ ಅಂತ ಕರೆದ.

ನಮ್ಮಂಥ ಇಂಜಿನಿಯರಿಂಗ್ ಹುಡುಗ ಹುಡುಗಿಯರು ಖುಷಿಪಡಬೇಕಾದ ಹೆಸರು ಮಹಾವೀರಾಚಾರ್ಯರದು. ಅವರ ಗಣಿತಸಾರಸಂಗ್ರಹ 850ರ ಸುಮಾರಿನದು, ಶುರುವಿನಲ್ಲೇ ಅಮೋಘವರ್ಷನ ಹೊಗಳಿಕೆ ಇದೆ. ಎನ್ ವಸ್ತುಗಳಿಂದ ಆರ್ ವಸ್ತುಗಳನ್ನು ಎಷ್ಟು ರೀತಿ ಆರಿಸಬಹುದು ಅನ್ನೋ ಸಾಮಾನ್ಯ ಸೂತ್ರ ಆ ಪುಸ್ತಕದಲ್ಲಿದೆ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತಲೂ ಅವರು ಹೇಳುತ್ತಾರೆ. ನಾವು ಸರ್ಕ್ಯೂಟ್ ಲೆಕ್ಕದಲ್ಲಿ ಜೆ ಅಂತ ಬರೆದು ಮುಂದಕ್ಕೆ ಹೋಗುವ ಜಾಗದಲ್ಲಿ ಅವರು ನಿಂತು ಯೋಚಿಸಿದ್ದರು.

ಇಷ್ಟು ಓದಿ ನೃಪತುಂಗ ಬರೀ ಶಾಂತಿಯ ದೊರೆ ಅಂದುಕೊಂಡರೆ ತಪ್ಪಾಗುತ್ತೆ. ವೇಂಗಿಯ ಚಾಲುಕ್ಯರ ಜೊತೆ ಯುದ್ಧ, ಗಂಗರ ಜೊತೆ ವರ್ಷಗಟ್ಟಲೆ ಜಗಳ, ಮಗನೇ ತಿರುಗಿಬಿದ್ದ ಪ್ರಸಂಗ, ಎಲ್ಲವೂ ಇವೆ. ಅವನ ಸೇನಾನಿ ಬಂಕೇಯ ಗಂಗವಾಡಿಯ ಮೇಲೆ ದಂಡೆತ್ತಿ ಹೋದವನು. ಹಾವೇರಿ ಜಿಲ್ಲೆಯ ಬಂಕಾಪುರದ ಹೆಸರು ಅವನಿಂದಲೇ ಬಂದದ್ದು. ಗಂಗರ ಜೊತೆ ಕೊನೆಗೆ ದೊರೆ ಬೇರೆ ದಾರಿ ಹಿಡಿದ. ಮಗಳು ಚಂದ್ರೋಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟು ಮದುವೆ ಮಾಡಿ ಜಗಳ ನಿಲ್ಲಿಸಿದ. ಜೈನ ಗುರುಗಳ ಪಾದಕ್ಕೆ ನಮಸ್ಕರಿಸಿದ ದೊರೆಯ ಕೈಯಲ್ಲೇ ಕತ್ತಿಯೂ ಇತ್ತು. ಯುದ್ಧದಲ್ಲಿ ಸತ್ತ ಸೈನಿಕರಿಗೆ ಅಹಿಂಸೆಯಿಂದ ಏನು ಸಿಕ್ಕಿತು ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸದೆ ಮುಂದಿನ ಕಥೆ ಓದಬೇಕು.

ಬೆರಳು

ಸಂಜಾಣ ತಾಮ್ರಶಾಸನ ಅಂತ ಒಂದಿದೆ. 871ರದ್ದು, ನೃಪತುಂಗನ ಆಳ್ವಿಕೆಯ ಕೊನೆಗಾಲಕ್ಕೆ ಸೇರಿದ್ದು. ಅದರಲ್ಲಿ ಒಂದು ವಿಚಿತ್ರ ವಿಷಯ ಬರುತ್ತೆ. ಜನರಿಗೆ ಒಂದು ದೊಡ್ಡ ಉಪದ್ರವ ಬಂತು. ಬರವೋ, ಸಾಂಕ್ರಾಮಿಕ ರೋಗವೋ ಶಾಸನ ಬಿಡಿಸಿ ಹೇಳೋದಿಲ್ಲ. ಅದನ್ನು ಕಳೆಯಲು ದೊರೆ ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದ. ಇದು ಕೊಲ್ಹಾಪುರದ ಮಹಾಲಕ್ಷ್ಮಿ ಇರಬೇಕು ಅಂತ ಇತಿಹಾಸಕಾರರ ಊಹೆ. ಜೈನ ಗುರುವಿನ ಶಿಷ್ಯ ಮಹಾಲಕ್ಷ್ಮಿಗೆ ಹರಕೆ ಸಲ್ಲಿಸುತ್ತಾನೆ ಅನ್ನೋದನ್ನೂ ಗಮನಿಸಿ.

ಶಾಸನದ ಕವಿ ಅಲ್ಲೇ ಹೋಲಿಕೆ ಕೊಡುತ್ತಾನೆ. ಪಾರಿವಾಳಕ್ಕಾಗಿ ತನ್ನ ಮಾಂಸ ಕೊಟ್ಟ ಶಿಬಿ, ನಾಗನೊಬ್ಬನನ್ನು ಉಳಿಸಲು ಗರುಡನಿಗೆ ಮೈ ಒಪ್ಪಿಸಿದ ಜೀಮೂತವಾಹನ, ದೇವತೆಗಳಿಗೆ ಮೂಳೆ ಕೊಟ್ಟ ದಧೀಚಿ. ಅವರ ಸಾಲಿಗೆ ನಮ್ಮ ದೊರೆಯನ್ನು ಸೇರಿಸುತ್ತಾನೆ.

ಈಗ ನಾವು ಲ್ಯಾಬ್‌ನಲ್ಲಿ ಕೂತು ಕೇಳುವ ಮೊದಲ ಪ್ರಶ್ನೆ: ಬೆರಳು ಕತ್ತರಿಸಿದರೆ ರೋಗ ನಿಲ್ಲುತ್ತಾ? ಇಲ್ಲ. ಮಳೆ ಬರುತ್ತಾ? ಇಲ್ಲ. ಹಾಗಾದರೆ ಇದು ಬರೀ ಮೂಢನಂಬಿಕೆ ಅಂತ ಬಿಟ್ಟುಬಿಡಬಹುದಾ? ಇಲ್ಲಿ ನೀತಿಶಾಸ್ತ್ರದ ಬೇರೆ ಬೇರೆ ದಾರಿಗಳು ಬೇರೆ ಬೇರೆ ಉತ್ತರ ಕೊಡುತ್ತವೆ.

ಮೊದಲನೇ ದಾರಿ ಫಲ ನೋಡೋದು. ಒಂದು ಕೆಲಸದಿಂದ ಒಟ್ಟು ಎಷ್ಟು ಜನಕ್ಕೆ ಎಷ್ಟು ಒಳ್ಳೆಯದಾಯಿತು ಅನ್ನೋದೇ ಅದರ ಅಳತೆ. ಇಂಗ್ಲೆಂಡಿನ ಬೆಂಥಮ್, ಮಿಲ್ ಇವರು ಈ ದಾರಿಯ ದೊಡ್ಡ ಹೆಸರುಗಳು. ಇದರ ಪ್ರಕಾರ ಬೆರಳು ಹೋಯಿತು, ಲಾಭ ಸೊನ್ನೆ. ಹೆಚ್ಚೆಂದರೆ ಹೆದರಿದ್ದ ಜನಕ್ಕೆ ಧೈರ್ಯ ಬಂದಿರಬಹುದು, ಅದನ್ನೂ ಲೆಕ್ಕಕ್ಕೆ ತಗೋಬೇಕು.

ಎರಡನೇ ದಾರಿ ಕರ್ತವ್ಯ ನೋಡೋದು. ಫಲ ಏನೇ ಆಗಲಿ, ಕೆಲವು ಕೆಲಸ ಮಾಡಲೇಬೇಕು, ಕೆಲವು ಮಾಡಲೇಬಾರದು. ಜರ್ಮನಿಯ ಕಾಂಟ್ ಈ ದಾರಿಯವನು. ತಮಾಷೆ ಅಂದ್ರೆ ಕಾಂಟ್ ನೃಪತುಂಗನನ್ನು ಒಪ್ಪುತ್ತಿರಲಿಲ್ಲ. ಬೇರೆಯವರ ಬಾಯಲ್ಲಿ ಕೂಡಿಸಲು ಹಲ್ಲನ್ನು ಕಿತ್ತು ಕೊಡುವುದೂ ಮನುಷ್ಯ ತನಗೆ ತಾನು ಮಾಡಿಕೊಳ್ಳುವ ತಪ್ಪು ಅಂತ ಅವನ ವಾದ. ನಮ್ಮ ಹಳೆಯ ರಾಜಧರ್ಮ ಕೇಳಿದರೆ ಉತ್ತರ ಉಲ್ಟಾ: ಪ್ರಜೆಗಳ ಸಂಕಟ ದೊರೆಯ ಹೊಣೆ, ಅದಕ್ಕೆ ಅವನು ತನ್ನನ್ನೇ ಒಡ್ಡಿಕೊಳ್ಳಬೇಕು.

ಮೂರನೇ ದಾರಿ ಗುಣ ನೋಡೋದು. ಈ ಕೆಲಸ ಮಾಡಿದವನು ಎಂಥ ಮನುಷ್ಯ? ಗ್ರೀಸಿನ ಅರಿಸ್ಟಾಟಲ್ ಈ ದಾರಿ ಹಿಡಿದವನು. ನಮ್ಮ ಶಿಬಿಯ ಕಥೆ, ಪುಣ್ಯಕೋಟಿಯ ಕಥೆ ಎಲ್ಲ ಇದೇ ಜಾತಿಯವು. ಕಥೆ ಕೇಳಿ ಮುಗಿದ ಮೇಲೆ ನಾವು ಲಾಭ ನಷ್ಟ ಕೂಡಿಸಲ್ಲ, ಆ ವ್ಯಕ್ತಿಯನ್ನು ನೆನಪಿಟ್ಟುಕೊಳ್ಳುತ್ತೇವೆ.

ಮೂರೂ ದಾರಿಯಲ್ಲಿ ನಡೆದು ನೋಡಿದ ಮೇಲೆ ನಮಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ವಿಷಯ. ಬೆರಳು ಯಾರದು? ಅವನದೇ. ಆಗಿನ ದೊರೆಗೆ ಬೇರೆಯವರ ದೇಹ ಅರ್ಪಿಸೋದು ಕಷ್ಟದ ಕೆಲಸ ಆಗಿರಲಿಲ್ಲ. ಕನ್ನಡ ನಾಡಿನ ತುಂಬಾ ಇರುವ ವೀರಗಲ್ಲುಗಳನ್ನು ನೋಡಿ. ಒಡೆಯನಿಗಾಗಿ ಪ್ರಾಣ ಕೊಡ್ತೀನಿ ಅಂತ ಮಾತು ಕೊಟ್ಟು ಸತ್ತ ವೇಳೆವಾಳಿಗಳು ನಮ್ಮ ಇತಿಹಾಸದಲ್ಲಿದ್ದಾರೆ. ಮುಂದೆ ಹೊಯ್ಸಳರ ಕಾಲದಲ್ಲಿ ಗರುಡರು ಇದನ್ನೇ ವ್ರತವಾಗಿ ಹಿಡಿದರು. ಹಳೇಬೀಡಿನಲ್ಲಿ ಕುವರ ಲಕ್ಷ್ಮನ ನೆನಪಿನ ಕಂಬ ಇವತ್ತಿಗೂ ನಿಂತಿದೆ. ಅಲ್ಲೆಲ್ಲ ತ್ಯಾಗ ಹರಿಯುವ ದಿಕ್ಕು ಒಂದೇ, ಕೆಳಗಿನವನಿಂದ ಮೇಲಿನವನಿಗೆ. ಸಂಜಾಣ ಶಾಸನದಲ್ಲಿ ಆ ದಿಕ್ಕು ತಿರುಗಿದೆ. ಮೇಲೆ ಕೂತವನು ಕೆಳಗಿನವರಿಗಾಗಿ ತನ್ನ ಮೈಯಿಂದ ಕೊಟ್ಟ.

ದಿಕ್ಕು ಯಾಕೆ ಮುಖ್ಯ

ಇವತ್ತಿನ ಬಯೋಎಥಿಕ್ಸ್ ಹುಟ್ಟಿದ್ದೇ ಈ ದಿಕ್ಕಿನ ತಕರಾರಿನಿಂದ. ಅಮೆರಿಕದ ಟಸ್ಕೆಗೀಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ರೋಗವಿದ್ದ 399 ಬಡ ಕಪ್ಪು ಗಂಡಸರನ್ನು ಚಿಕಿತ್ಸೆ ಕೊಡದೆ ಬರೀ ಗಮನಿಸುತ್ತಾ ಹೋದರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅವರಿಗೆ ನಿಜ ಹೇಳಿರಲಿಲ್ಲ. ಜ್ಞಾನದ ಲಾಭ ಯಾರಿಗೋ, ದೇಹದ ಬೆಲೆ ಇವರಿಗೆ. ಆ ಸುದ್ದಿ ಹೊರಬಿದ್ದು ಗಲಾಟೆಯಾದ ಮೇಲೆ 1979ರಲ್ಲಿ ಬೆಲ್ಮಾಂಟ್ ವರದಿ ಬಂತು. ಅದೇ ವರ್ಷ ಬೋಚಾಂಪ್ ಮತ್ತು ಚಿಲ್ಡ್ರೆಸ್ ಎಂಬ ಇಬ್ಬರು ಬರೆದ ಪುಸ್ತಕ ನಾಲ್ಕು ತತ್ವಗಳನ್ನು ಮುಂದಿಟ್ಟಿತು. ಇವತ್ತು ಎಲ್ಲ ಮೆಡಿಕಲ್ ಕಾಲೇಜಲ್ಲೂ ಹೇಳಿಕೊಡೋದು ಅವನ್ನೇ:

1. ಸ್ವಾಯತ್ತತೆ: ನನ್ನ ದೇಹದ ಬಗ್ಗೆ ತೀರ್ಮಾನ ನನ್ನದು. ತಿಳಿಸಿ, ಕೇಳಿ, ಒಪ್ಪಿಗೆ ತಗೊಳ್ಳಬೇಕು.
2. ಹಿತ: ರೋಗಿಗೆ ಒಳ್ಳೆಯದಾಗಬೇಕು.
3. ಅಹಿತ ಮಾಡದಿರುವುದು: ಕೇಡಂತೂ ಆಗಬಾರದು.
4. ನ್ಯಾಯ: ಲಾಭ ಒಬ್ಬರಿಗೆ, ನೋವು ಇನ್ನೊಬ್ಬರಿಗೆ ಅಂತ ಹಂಚಬಾರದು.

ನಮ್ಮ ಪಕ್ಕದ ನಾಡಿನ ಒಂದು ಉದಾಹರಣೆ ನೋಡೋಣ. 2009ರಲ್ಲಿ ಆಗ ಆಂಧ್ರಕ್ಕೆ ಸೇರಿದ್ದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರಾದಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಒಂದು ಯೋಜನೆ ನಡೆಯಿತು. ಲಸಿಕೆ ಪಡೆದವರು 10ರಿಂದ 14 ವರ್ಷದ ಹುಡುಗಿಯರು, ಅವರಲ್ಲಿ ಬುಡಕಟ್ಟು ಸಮುದಾಯದವರು ಬಹಳ. ಖಮ್ಮಂನಲ್ಲಿ ಎಷ್ಟೋ ಮಕ್ಕಳ ಒಪ್ಪಿಗೆ ಪತ್ರಕ್ಕೆ ಅಪ್ಪ ಅಮ್ಮ ಸಹಿ ಹಾಕಿರಲಿಲ್ಲ, ಹಾಸ್ಟೆಲ್ ವಾರ್ಡನ್‌ಗಳೇ ಹಾಕಿದ್ದರು. ಕೆಲವು ಹುಡುಗಿಯರು ತೀರಿಕೊಂಡಾಗ ವಿಷಯ ದೊಡ್ಡದಾಯಿತು. ಆ ಸಾವುಗಳಿಗೆ ಲಸಿಕೆ ಕಾರಣ ಅಂತ ವಿಚಾರಣೆಯಲ್ಲಿ ಸಾಬೀತಾಗಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿ ತಪ್ಪು ಅನ್ನೋದು ಸ್ಪಷ್ಟವಾಯಿತು. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೇ. ಅದನ್ನು ಹಾಕಿಸಿಕೊಳ್ಳುವ ಹುಡುಗಿಗೆ ಬೇಡ ಅನ್ನುವ ಅವಕಾಶ ಇತ್ತಾ ಅನ್ನೋದು ಬೇರೆ ಪ್ರಶ್ನೆ.

ನೃಪತುಂಗನ ಬೆರಳನ್ನು ಈ ನಾಲ್ಕು ತತ್ವದ ಮುಂದಿಟ್ಟರೆ ಏನಾಗುತ್ತೆ? ಇವತ್ತಿನ ಸರ್ಜನ್ ಒಬ್ಬರು ಆ ಬೆರಳನ್ನು ಕತ್ತರಿಸೋಕೆ ಒಪ್ಪಲ್ಲ, ಯಾಕಂದ್ರೆ ಯಾರಿಗೂ ವೈದ್ಯಕೀಯ ಲಾಭವಿಲ್ಲ. ಆದರೆ ಅಪ್ಪ ಮಗಳಿಗೆ ಒಂದು ಕಿಡ್ನಿ ಕೊಡ್ತೀನಿ ಅಂದರೆ ಅದೇ ಸರ್ಜನ್ ಆರೋಗ್ಯವಂತನ ಹೊಟ್ಟೆ ಕೊಯ್ಯುತ್ತಾರೆ. ನಮ್ಮ ದೇಶದ 1994ರ ಅಂಗಾಂಗ ಕಸಿ ಕಾಯ್ದೆ ಅದಕ್ಕೆ ಅವಕಾಶ ಕೊಡುತ್ತೆ. ಕೊಡುವವರು ಹತ್ತಿರದ ಸಂಬಂಧಿ ಅಲ್ಲದಿದ್ದರೆ ಒಂದು ಸಮಿತಿ ಕೂತು ವಿಚಾರಿಸುತ್ತೆ: ದುಡ್ಡಿನ ಆಸೆ ಇದೆಯಾ, ಯಾರದ್ದಾದರೂ ಒತ್ತಾಯ ಇದೆಯಾ? ಅಂದ್ರೆ ಕಾನೂನು ಕೂಡ ದಿಕ್ಕನ್ನೇ ನೋಡುತ್ತಿದೆ. ಬಡವನ ಕಿಡ್ನಿ ಶ್ರೀಮಂತನ ಕಡೆ ಹರಿಯಬಾರದು ಅನ್ನೋ ಎಚ್ಚರ ಅದು.

ಆಸ್ಥಾನದಲ್ಲಿ ಒಂದು ವಾದ

ಎರಡನೇ ಘಟನೆಗೆ ಬರೋಣ. ಉಗ್ರಾದಿತ್ಯಾಚಾರ್ಯರು ಜೈನ ಮುನಿಗಳು, ವೈದ್ಯರು. ವೇಂಗಿ ತ್ರಿಕಳಿಂಗ ಸೀಮೆಯ ರಾಮಗಿರಿಯಲ್ಲಿದ್ದುಕೊಂಡು ಸಂಸ್ಕೃತದಲ್ಲಿ ಕಲ್ಯಾಣಕಾರಕ ಅನ್ನೋ ದೊಡ್ಡ ವೈದ್ಯಗ್ರಂಥ ಬರೆದರು. ಅದರ ಕೊನೆಗೆ ಹಿತಾಹಿತ ಅನ್ನೋ ಅಧ್ಯಾಯ ಇದೆ. ನೃಪತುಂಗ ವಲ್ಲಭನ ಆಸ್ಥಾನದಲ್ಲಿ, ಪಂಡಿತರೂ ವೈದ್ಯರೂ ಸೇರಿದ್ದ ಸಭೆಯಲ್ಲಿ, ಔಷಧವಾಗಿ ಮಾಂಸ ಪ್ರಯೋಜನವಿಲ್ಲ ಅಂತ ಅವರು ಮಾಡಿದ ವಾದ ಅದು. ಆ ನೃಪತುಂಗ ವಲ್ಲಭ ನಮ್ಮ ಅಮೋಘವರ್ಷನೇ ಅಂತ ವಿದ್ವಾಂಸರು ಗುರುತಿಸುತ್ತಾರೆ. ಇಡೀ ಗ್ರಂಥ 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾಯಿತು.

ಆ ಅಧ್ಯಾಯದ ಹೆಸರನ್ನೇ ನೋಡಿ. ಹಿತ, ಅಹಿತ. ಮೇಲಿನ ಪಟ್ಟಿಯ ಎರಡನೇ ಮತ್ತು ಮೂರನೇ ತತ್ವ ಅಲ್ಲೇ ಅಕ್ಕಪಕ್ಕ ಕೂತಿವೆ.

ಈ ವಾದದ ಭಾರ ಗೊತ್ತಾಗಬೇಕಾದರೆ ಆಗಿನ ವೈದ್ಯದ ಪರಿಸ್ಥಿತಿ ತಿಳಿಯಬೇಕು. ಚರಕ, ಸುಶ್ರುತ ಸಂಹಿತೆಗಳಲ್ಲಿ ಮಾಂಸ, ಮಾಂಸದ ರಸ ಚಿಕಿತ್ಸೆಯ ಭಾಗ. ಕ್ಷಯದಿಂದ ಸೊರಗಿದ ರೋಗಿಗೆ ಮಾಂಸ ತಿನ್ನುವ ಪ್ರಾಣಿ ಪಕ್ಷಿಗಳ ಮಾಂಸ ಕೊಡಬೇಕು ಅಂತ ಚರಕ ಸಂಹಿತೆ ಹೇಳುತ್ತೆ. ರೋಗಿ ಅಸಹ್ಯಪಟ್ಟು ಬಿಟ್ಟುಬಿಡುತ್ತಾನೆ ಅಂತ ಒಂದು ಉಪಾಯವನ್ನೂ ಹೇಳಿಕೊಡುತ್ತೆ: ಹದ್ದು, ಗೂಬೆಯ ಮಾಂಸವನ್ನು ನವಿಲಿನದು ಅಂತ ಹೇಳಿ ಕೊಡಿ, ಕಾಗೆಯದನ್ನು ತಿತ್ತಿರಿ ಹಕ್ಕಿಯದು ಅಂತ ಹೇಳಿ ಕೊಡಿ. ವೈದ್ಯನ ಉದ್ದೇಶ ಒಳ್ಳೆಯದೇ, ರೋಗಿ ಬದುಕಬೇಕು. ಆದರೆ ರೋಗಿಗೆ ಸುಳ್ಳು ಹೇಳಿ ಹಿತ ಮಾಡುವುದು ಸರಿಯಾ? ಮೊದಲನೇ ತತ್ವಕ್ಕೂ ಎರಡನೇ ತತ್ವಕ್ಕೂ ನೇರ ಜಗಳ. ದೊಡ್ಡ ಕಾಯಿಲೆ ಬಂದ ಅಜ್ಜನಿಗೆ ವಿಷಯ ಹೇಳದೆ ಗ್ಯಾಸ್ಟ್ರಿಕ್ ಅಂತ ಸಮಾಧಾನ ಮಾಡುವ ಮನೆಗಳಲ್ಲಿ ಈ ಜಗಳ ಇವತ್ತಿಗೂ ನಡೀತಾನೇ ಇದೆ.

ಉಗ್ರಾದಿತ್ಯರ ಮುಂದೆ ಸುಲಭದ ದಾರಿ ಒಂದಿತ್ತು. ಜೀವ ಉಳಿಸಲು ಮಾಂಸ ಬೇಕೇ ಬೇಕು ಅಂತ ಒಪ್ಪಿಕೊಂಡು, ಜೈನ ರೋಗಿಗಳಿಗೆ ಮಾತ್ರ ವಿನಾಯಿತಿ ಕೇಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮಾಂಸ, ಮದ್ಯ, ಜೇನು ಇಲ್ಲದೆ ಗಿಡಮೂಲಿಕೆ, ಖನಿಜಗಳಿಂದ ಇಡೀ ಚಿಕಿತ್ಸಾ ಪದ್ಧತಿಯನ್ನೇ ಕಟ್ಟಿ ತೋರಿಸಿದರು. ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ ನೀತಿಯನ್ನು ಡಿಸೈನ್ ಕನ್‌ಸ್ಟ್ರೇಂಟ್ ಆಗಿ ತಗೊಂಡರು. ಸೇತುವೆ ಕಟ್ಟುವಾಗ ಇಷ್ಟು ಭಾರ ತಡೀಬೇಕು ಅನ್ನೋದು ಹೇಗೆ ಷರತ್ತೋ, ಔಷಧಿ ಮಾಡುವಾಗ ಪ್ರಾಣಿ ಸಾಯಬಾರದು ಅನ್ನೋದು ಅವರಿಗೆ ಹಾಗೆ. ಈ ಪರಂಪರೆ ಕನ್ನಡದಲ್ಲೂ ಮುಂದುವರಿಯಿತು. 12ನೇ ಶತಮಾನದ ಜಗದ್ದಳ ಸೋಮನಾಥ ಬರೆದ ಕರ್ಣಾಟಕ ಕಲ್ಯಾಣಕಾರಕದಲ್ಲೂ ಮದ್ಯ ಮಾಂಸ ಇಲ್ಲದ ಚಿಕಿತ್ಸೆಯೇ ಇದೆ. ಅದೇ ಶತಮಾನದಲ್ಲಿ ಮೋರಖಂಡಿಯ ಪಕ್ಕದ ಕಲ್ಯಾಣದಲ್ಲಿ ಬಸವಣ್ಣನವರು ಪ್ರಾಣಿಬಲಿಯನ್ನು ಪ್ರಶ್ನಿಸಿದರು.

ಎದುರು ವಾದವೂ ಗಟ್ಟಿಯಾದದ್ದೇ ಇತ್ತು. ಸಾಯುತ್ತಿರುವ ಮನುಷ್ಯನಿಗೆ ಮಾಂಸದ ಸಾರು ಬಲ ಕೊಡುತ್ತೆ ಅಂತ ಅನುಭವ ಹೇಳುತ್ತಿದ್ದರೆ, ವೈದ್ಯ ತನ್ನ ವ್ರತಕ್ಕಾಗಿ ಅದನ್ನು ತಡೆಯಬಹುದಾ? ನಮ್ಮ ನಾಡಿನಲ್ಲಿ ಮಾಂಸ ತಿನ್ನುವ ಜನ ಆಗಲೂ ಇದ್ದರು, ಈಗಲೂ ಇದ್ದೇವೆ. ಒಬ್ಬರ ಅಹಿಂಸೆ ಇನ್ನೊಬ್ಬರ ತಟ್ಟೆಯ ಮೇಲೆ ಹೇರಿಕೆ ಆಗಬಾರದು. ಈ ಎರಡನ್ನೂ ಒಟ್ಟಿಗೆ ಹಿಡಿಯೋದು ಕಷ್ಟ. ನೃಪತುಂಗನ ದೊಡ್ಡತನ ನಮಗೆ ಕಾಣೋದು ಇಲ್ಲಿ. ಗೆಲ್ಲುವವರು ಯಾರು ಅನ್ನೋದಕ್ಕಿಂತ ಮುಂಚೆ, ವೈದ್ಯರ ಸಭೆಯಲ್ಲಿ ಈ ಪ್ರಶ್ನೆ ಕೇಳೋಕೆ ಜಾಗ ಇತ್ತು. ಬಾಯಿಲ್ಲದ ಪ್ರಾಣಿಯ ಪರವಾಗಿ ಒಬ್ಬರು ರಾಜನ ಮುಂದೆ ನಿಂತು ಮಾತಾಡಬಹುದಿತ್ತು.

ಉಗ್ರಾದಿತ್ಯರ ಪ್ರಶ್ನೆ ನಮ್ಮ ಲ್ಯಾಬಿನಲ್ಲಿ

ಆ ಪ್ರಶ್ನೆ ಇನ್ನೂ ಮುಗಿದಿಲ್ಲ. 1922ರಲ್ಲಿ ಮೊದಲ ಬಾರಿ ಮನುಷ್ಯನಿಗೆ ಕೊಟ್ಟ ಇನ್ಸುಲಿನ್ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದನ, ಹಂದಿಗಳಿಂದಲೇ ಇನ್ಸುಲಿನ್ ಬಂತು. ಅದರಿಂದ ಲಕ್ಷಾಂತರ ಮಕ್ಕಳು ಬದುಕಿದರು, ಅದನ್ನು ಮರೆಯಬಾರದು. 1982ರಲ್ಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಯೀಸ್ಟ್‌ನಿಂದ ತಯಾರಿಸಿದ ಮಾನವ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. ಪ್ರಾಣಿಯೋ ರೋಗಿಯೋ ಅನ್ನೋ ಕಷ್ಟದ ಆಯ್ಕೆಯನ್ನು ಇಂಜಿನಿಯರಿಂಗ್ ಇಲ್ಲವಾಗಿಸಿದ ಒಳ್ಳೆ ಉದಾಹರಣೆ ಇದು.

ಎಲ್ಲ ಕಡೆ ಹಾಗಾಗಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇವತ್ತಿಗೂ ಹೆಚ್ಚಾಗಿ ಹಂದಿಯ ಕರುಳಿನಿಂದಲೇ ಬರುತ್ತೆ. ಮಾಮೂಲಿ ಕ್ಯಾಪ್ಸುಲ್‌ನ ಹೊರಚಿಪ್ಪು ಜೆಲಟಿನ್, ಅದು ಪ್ರಾಣಿಗಳ ಮೂಳೆ ಚರ್ಮದಿಂದ ಮಾಡಿದ್ದು. ಎಷ್ಟು ರೋಗಿಗಳಿಗೆ ಇದು ಗೊತ್ತು? ಗೊತ್ತಾದರೆ ಕೆಲವರು ಬೇಡ ಅನ್ನಬಹುದು, ಕೆಲವರು ಪರವಾಗಿಲ್ಲ ಅನ್ನಬಹುದು. ಚರಕನ ನವಿಲು ಮಾಂಸದ ಪ್ರಶ್ನೆ ಹೊಸ ವೇಷದಲ್ಲಿ ಮೆಡಿಕಲ್ ಶಾಪ್‌ನಲ್ಲಿ ಕೂತಿದೆ.

ಔಷಧಿ ಪರೀಕ್ಷೆಗೆ ಪ್ರಾಣಿ ಬಳಸೋದರಲ್ಲೂ ಬದಲಾವಣೆ ಬರ್ತಿದೆ. 1959ರಲ್ಲಿ ರಸೆಲ್ ಮತ್ತು ಬರ್ಚ್ ಮೂರು ಸೂತ್ರ ಕೊಟ್ಟರು: ಸಾಧ್ಯವಾದ ಕಡೆ ಪ್ರಾಣಿ ಬದಲು ಬೇರೆ ದಾರಿ, ಸಾಧ್ಯವಾದಷ್ಟು ಕಡಿಮೆ ಪ್ರಾಣಿ, ಬಳಸಲೇಬೇಕಾದರೆ ಕಡಿಮೆ ನೋವು. 2023ರಲ್ಲಿ ನಮ್ಮ ದೇಶದ ಔಷಧ ಪರೀಕ್ಷೆಯ ನಿಯಮ ತಿದ್ದಿ, ಚಿಪ್ ಮೇಲೆ ಬೆಳೆಸಿದ ಅಂಗದ ಮಾದರಿ, ಕಂಪ್ಯೂಟರ್ ಮಾದರಿಯಂಥ ವಿಧಾನಗಳಿಗೂ ಜಾಗ ಕೊಟ್ಟರು. ಈ ಚಿಪ್ಪು, ಈ ಕೋಡು ಮಾಡೋರು ಡಾಕ್ಟರ್‌ಗಳಲ್ಲ, ನಾವು. ಮೈಕ್ರೋಫ್ಲೂಯಿಡಿಕ್ಸ್ ಎಲೆಕ್ಟಿವ್ ಯಾಕೆ ತಗೋಬೇಕು ಅಂತ ಕೇಳುವವರಿಗೆ ಇದೊಂದು ಕಾರಣ.

ಕ್ಯಾಂಪಸ್ಸಿಗೆ ಇನ್ನೂ ಹತ್ತಿರದ ವಿಷಯ ಒಂದಿದೆ. ಮಿನಿ ಪ್ರಾಜೆಕ್ಟ್‌ಗೆ ಪಲ್ಸ್ ಸೆನ್ಸರ್ ಮಾಡ್ತೀವಿ, ಡೇಟಾ ಬೇಕು, ಹಾಸ್ಟೆಲ್‌ನಲ್ಲಿ ಜೂನಿಯರ್‌ಗಳು ಸಿಗ್ತಾರೆ. ಸೀನಿಯರ್ ಬಂದು ಕೈ ಕೊಡು ಅಂದಾಗ ಫಸ್ಟ್ ಇಯರ್ ಹುಡುಗ ಬೇಡ ಅನ್ನೋಕೆ ಆಗುತ್ತಾ? ಅಲ್ಲೂ ದಿಕ್ಕು ಕೆಳಗಿನಿಂದ ಮೇಲಕ್ಕೆ. ಅವನ ಎದೆಬಡಿತ, ನಮ್ಮ ಮಾರ್ಕ್ಸ್. ಯಾವುದಕ್ಕ್ ಬಳಸ್ತೀವಿ ಅಂತ ಹೇಳಿ, ಬೇಡ ಅಂದ್ರೆ ಬಿಟ್ಟು, ಮೊದಲ ರೀಡಿಂಗ್ ನಮ್ಮದೇ ಕೈಯಿಂದ ತಗೊಂಡರೆ ಏನೂ ಕಳ್ಕೊಳ್ಳಲ್ಲ.

ಕೊನೆಯ ದಿನಗಳು

ನೃಪತುಂಗ ಆಳ್ವಿಕೆಯ ಕೊನೆಗಾಲದಲ್ಲಿ ರಾಜ್ಯದ ಭಾರದಿಂದ ದೂರ ಸರಿದ. ಒಂದಕ್ಕಿಂತ ಹೆಚ್ಚು ಸಲ ರಾಜ್ಯ ಬಿಟ್ಟುಕೊಟ್ಟ ಸೂಚನೆ ಸಂಜಾಣ ಶಾಸನದಲ್ಲಿದೆ. ಪ್ರಶ್ನೋತ್ತರ ರತ್ನಮಾಲಿಕೆ ಅನ್ನೋ ಚಿಕ್ಕ ಸಂಸ್ಕೃತ ಕೃತಿ ಅವನ ಹೆಸರಿನಲ್ಲಿದೆ. ವಿವೇಕದಿಂದ ರಾಜ್ಯ ತ್ಯಜಿಸಿದ ಅಮೋಘವರ್ಷ ಅದನ್ನು ರಚಿಸಿದ ಅಂತ ಅದರ ಕೊನೆಯ ಪದ್ಯ ತಿಳಿಸುತ್ತೆ. ಹೆಸರೇ ಹೇಳುವಂತೆ ಅದು ಪ್ರಶ್ನೆ ಮತ್ತು ಉತ್ತರದ ರೂಪದಲ್ಲಿದೆ, ಬದುಕಿನಲ್ಲಿ ಏನು ಮಾಡಬೇಕು, ಏನು ಬಿಡಬೇಕು ಅನ್ನೋದೇ ವಿಷಯ. 878ರ ಹೊತ್ತಿಗೆ ಮಗ ಎರಡನೇ ಕೃಷ್ಣ ಪಟ್ಟಕ್ಕೆ ಬಂದ. ಹಿಂದೆ ತಿರುಗಿಬಿದ್ದಿದ್ದ ಮಗನೇ ಅವನು.

ಇಡೀ ಬದುಕನ್ನು ಒಟ್ಟಿಗೆ ನೋಡಿದರೆ ಇವನು ತಪ್ಪೇ ಮಾಡದ ಸಂತ ಅಲ್ಲ. ಯುದ್ಧ ಮಾಡಿದ, ರಾಜಕೀಯ ಮಾಡಿದ, ಬೆರಳಿನಿಂದ ಪಿಡುಗು ಹೋಗುತ್ತೆ ಅಂತ ನಂಬಿದ. ಆ ನಂಬಿಕೆಯನ್ನು ನಾವು ಒಪ್ಪಬೇಕಾಗಿಲ್ಲ. ಅವನಿಂದ ಕಲಿಯಬೇಕಾದದ್ದು ಎರಡು ಅಭ್ಯಾಸ. ಬೆಲೆ ತೆರಬೇಕಾಗಿ ಬಂದಾಗ ಮೊದಲು ತನ್ನ ಮೈ ನೋಡಿಕೊಂಡ. ಕೇಳಲು ಕಷ್ಟವಾದ ಪ್ರಶ್ನೆಗೆ ತನ್ನ ಸಭೆಯಲ್ಲಿ ಜಾಗ ಕೊಟ್ಟ. ನಾಲ್ಕು ತತ್ವ ಬಾಯಿಪಾಠ ಮಾಡಿದ ಸಂಶೋಧಕರಿಗೂ ಈ ಎರಡು ಅಭ್ಯಾಸ ಇಲ್ಲದಿದ್ದರೆ ಒಪ್ಪಿಗೆ ಪತ್ರ ಬರೀ ಕಾಗದವಾಗಿ ಉಳಿಯುತ್ತೆ.

ಕಲಬುರಗಿ ಕಡೆ ಹೋದರೆ ಸೇಡಂ ರಸ್ತೆಯಲ್ಲಿ ಮಳಖೇಡದಲ್ಲಿ ಇಳಿಯಿರಿ. ಕಾಗಿಣಾ ದಡದ ಕೋಟೆ, ಹಳೆಯ ಬಸದಿ ನೋಡಿ ಬನ್ನಿ. ಬೀದರ್ ಕಡೆ ಹೋದರೆ ಬಸವಕಲ್ಯಾಣದ ಜೊತೆ ಮೋರಖಂಡಿಯನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಮುಂದೆ ನಾವು ಮಾಡುವ ಯಂತ್ರವೋ, ಆ್ಯಪೋ, ಔಷಧಿಯೋ ಯಾರದ್ದಾದರೂ ದೇಹವನ್ನು ಮುಟ್ಟುವಾಗ, ಲಾಭ ಯಾರಿಗೆ, ನೋವು ಯಾರಿಗೆ, ಅವರನ್ನು ಕೇಳಿದ್ದೀವಾ ಅನ್ನೋ ಮೂರು ಪ್ರಶ್ನೆ ಪ್ರಾಜೆಕ್ಟ್ ರಿಪೋರ್ಟ್‌ನ ಮೊದಲ ಪುಟದಲ್ಲೇ ಬರೆದುಕೊಳ್ಳೋಣ.